ಮೂವತ್ತೊಂದನೆಯ ಮುಚ್ಚಳ

ಕೆಂಪು ಮುಚ್ಚಳಗಳು ಮೂವತ್ತೇ ಇದ್ದವು. ಓಪಲ್ ಪ್ರೂಯಿಟ್ ಮೇಜಿನ ಮೇಲೆ ಹರಡಿ ಮೂರು ಸಲ ಎಣಿಸಿ, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ನಾಲ್ಕನೆಯ ಸಲ ಎಣಿಸಿದಳು. ಪಟ್ಟಿಯಲ್ಲಿ ಮೂವತ್ತೊಂದು. ರಷ್ಯಾದಿಂದ ಬರುವ ರಾಕೆಟ್ ಎಂಜಿನ್ನಿನ ಒಂದೊಂದು ಕೊಳವೆಯ ಬಾಯಿಗೂ ಧೂಳು ಹೊಗದಂತೆ ಒಂದೊಂದು ಮುಚ್ಚಳ. ಅಷ್ಟೂ ಹೊರಗೆ ಬಂದಿವೆ ಎಂದು ಅವಳು ಸಹಿ ಹಾಕದೆ ಎಂಜಿನ್ ಜಾಗ ಬಿಟ್ಟು ಕದಲುವಂತಿಲ್ಲ. ಒಂದು ಒಳಗೇ ಉಳಿದರೂ ಸಾಕು, ರಾಕೆಟ್ಟೂ ಅದು ಹೊತ್ತ ಸೇನೆಯ ಉಪಗ್ರಹವೂ ಸುಟ್ಟು ಬೂದಿ.

ಹತ್ತೊಂಬತ್ತು ವರ್ಷಗಳಲ್ಲಿ ಹೀಗಾದದ್ದಿಲ್ಲ. ಈಗ ಆದದ್ದೂ ಕೊನೆಯ ಎಂಜಿನ್ನಿಗೇ. ದೇಶ ಕಾಯುವ ಉಪಗ್ರಹಗಳಿಗೆ ಇನ್ನು ರಷ್ಯದ ಎಂಜಿನ್ ಕೂಡದೆಂದು ಕಾನೂನು ಬಂದು, ಉಗ್ರಾಣದಲ್ಲಿದ್ದವು ಒಂದೊಂದಾಗಿ ಮುಗಿದು, ಇದೊಂದು ಉಳಿದಿತ್ತು. ಕಾನೂನಿನ ಬಗ್ಗೆ ಓಪಲ್‌ಗೆ ತಕರಾರಿರಲಿಲ್ಲ. ಅಕ್ಕಪಕ್ಕದವರಂತೆ ಅವಳೂ ಸರಿಯೆಂದೇ ತಲೆಯಾಡಿಸಿದ್ದಳು. ಆದರೆ ಪ್ರತಿ ಎಂಜಿನ್ನಿನ ಜೋಡಣೆಗೂ ಅಲಬಾಮದ ಈ ಕಾರ್ಖಾನೆಗೆ ಬರುತ್ತಿದ್ದ ರಷ್ಯದ ಮುದಿ ತಂತ್ರಜ್ಞ ರೋಡಿಯನ್ ಸವೇಲಿಚ್ ಆ ಕಾನೂನಿಗೆ ಗೊತ್ತಿಲ್ಲವಲ್ಲ.

ಭದ್ರತಾ ಅಧಿಕಾರಿ ಹಾಲ್ಕಂಬ್ ಬಂದು ಮುಚ್ಚಳಗಳನ್ನು ನೋಡಿದ.

"ಬೆಳಿಗ್ಗೆ ಆ ರಷ್ಯದವನು ಇಲ್ಲೇ ಇದ್ದ ಅಲ್ವಾ?"

"ಇದ್ದ. ಸೇನೆಯವರು ಬರ್ತಾರೆ ಅಂತ ನಿಮ್ಮವರೇ ತೋಳು ಹಿಡಿದು ಆಚೆ ಕಳಿಸಿದ್ರು. ಆಗ ನಾನು ಪಟ್ಟಿ ತರೋಕೆ ಹೋಗಿದ್ದೆ."

"ಹಾಗಾದ್ರೆ ವಿದೇಶಿಯವನು ಭಾಗ ಕದ್ದೊಯ್ದ ಅಂತ ಬರೀತೀನಿ."

ಓಪಲ್‌ಳ ಕಣ್ಣು ಅವನ ಪೆನ್ನಿನ ಮೇಲೆ ನಿಂತಿತು. ಆ ಒಂದು ಸಾಲು ಸಾಕು. ಮುದುಕನನ್ನು ಇಲ್ಲಿಯೂ ಕೂರಿಸಿ ಕೇಳುತ್ತಾರೆ, ಅವನ ಊರಲ್ಲಿಯೂ ಕೇಳುತ್ತಾರೆ. ಇಷ್ಟು ವರ್ಷದ ದುಡಿಮೆಗೆ ಕಳ್ಳ ಎಂಬ ಹೆಸರು ಅಂಟುತ್ತದೆ.

"ಪೆನ್ನು ಸ್ವಲ್ಪ ಕೆಳಗಿಡಿ ಸಾರ್. ಅವನಿನ್ನೂ ಗೇಟಿನ ಹತ್ರಾನೇ ಇದಾನೆ. ಕೇಳ್ಕೊಂಡು ಬರ್ತೀನಿ."

"ನಾನೂ ಬರ್ತೀನಿ."

"ಬನ್ನಿ. ನಡೆದ್ರೆ ಊಟ ರುಚಿಸುತ್ತೆ."

ರೋಡಿಯನ್ ಗೇಟಿನಾಚೆಯ ಬೆಂಚಿನ ಮೇಲೆ, ಮಂಡಿಗಳ ನಡುವೆ ಪೆಟ್ಟಿಗೆ ಇಟ್ಟುಕೊಂಡು ವಿಮಾನ ನಿಲ್ದಾಣದ ವ್ಯಾನು ಕಾಯುತ್ತಿದ್ದ. ಓಪಲ್‌ಳನ್ನು ಕಂಡದ್ದೇ ಎದ್ದು ನಿಂತು ಕೋಟಿನ ಜೇಬಿಗೆ ಕೈಹಾಕಿದ. ಅವನ ಮುಖ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

ಪ್ರತಿ ಎಂಜಿನ್ನಿನ ಕೊನೆಯ ಮುಚ್ಚಳವನ್ನು ಅವನೇ ತೆಗೆದು ಅವಳ ಅಂಗೈಯಲ್ಲಿಡುತ್ತಿದ್ದ. ಆಮೇಲೆ ಇಬ್ಬರೂ ಎರಡು ಮರದ ಡಬ್ಬಗಳ ಮೇಲೆ ಒಂದು ನಿಮಿಷ ಮಾತಿಲ್ಲದೆ ಕೂರುತ್ತಿದ್ದರು. ದೂರದ ಪಯಣಕ್ಕೆ ಮುಂಚೆ ಅವನ ಕಡೆಯವರು ಹಾಗೆ ಕೂರುತ್ತಾರಂತೆ. ಮೊದಲ ವರ್ಷ, ಪಾಪ, ಮಂಡಿನೋವಿರಬೇಕೆಂದು ಓಪಲ್ ಅವನಿಗೆ ಮುಲಾಮು ತಂದುಕೊಟ್ಟಿದ್ದಳು.

"ನಡಿ ಅಂದ್ರು," ರೋಡಿಯನ್ ತಡವರಿಸಿದ. "ಕೈಯಲ್ಲೇ ಇತ್ತು. ನೀನು ಇರ್ಲಿಲ್ಲ."

"ಆ ಗಾರ್ಡಿಗೆ ಕೊಡೋದಲ್ವೇನೋ, ಪೆದ್ದ!"

"ಅವನು ಸಹಿ ಹಾಕೋನಲ್ವಲ್ಲ. ಆಮೇಲೆ ಗೇಟಲ್ಲಿ ತೋರಿಸೋಕೆ ಭಯ ಆಯ್ತು, ಓಪಲ್."

ಅವಳು ಅಂಗೈ ಚಾಚಿದಳು. ಅವನು ಎಂದಿನಂತೆ ಎರಡೂ ಕೈಯಲ್ಲಿ ಹಿಡಿದು ಮುಚ್ಚಳ ಇಟ್ಟ. ಓಪಲ್ ಪಟ್ಟಿಯನ್ನು ಬೆಂಚಿನ ಮೇಲಿಟ್ಟು ಬರೆದಳು: ತೆಗೆದವರು, ರೋಡಿಯನ್ ಸವೇಲಿಚ್. ಪಡೆದವರು, ಓಪಲ್ ಪ್ರೂಯಿಟ್. ಸ್ಥಳ, ಗೇಟು.

ಹಾಲ್ಕಂಬ್ ಓದಿದ. "ಇಷ್ಟೇನಾ?"

"ನಡೆದದ್ದು ಇಷ್ಟೇ ಸಾರ್. ನೀವೂ ಕಣ್ಣಾರೆ ನೋಡಿದ್ರಿ. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಇದೆ."

ಅವನು ಹಾಳೆಯನ್ನು ಇನ್ನೊಮ್ಮೆ ಓದಿ ಸಹಿ ಹಾಕಿದ. "ಮುಗೀತಲ್ಲ, ನಡೀರಿ."

"ಇನ್ನೊಂದು ನಿಮಿಷ ಬಾಕಿ ಇದೆ."

ಓಪಲ್ ಬೆಂಚಿನ ಮೇಲೆ ಕೂತಳು. ರೋಡಿಯನ್ ಪಕ್ಕದಲ್ಲಿ ಕೂತ. ಈ ಒಂದು ನಿಮಿಷ ಮಾತಾಡಬಾರದೆಂಬುದೇ ನಿಯಮ.

ಅಷ್ಟರಲ್ಲಿ ವ್ಯಾನು ಬಂದು ಹಾರ್ನ್ ಹೊಡೆಯಿತು. ಹಾಲ್ಕಂಬ್ ಬೆಂಚಿನತ್ತ ಬೆನ್ನು ಮಾಡಿ ನಿಂತು, ತಡೆ ಎಂಬಂತೆ ಚಾಲಕನಿಗೆ ಕೈ ಎತ್ತಿದ. ವ್ಯಾನು ಸದ್ದು ನಿಲ್ಲಿಸಿತು. ಓಪಲ್‌ಳ ಮುಷ್ಟಿಯಲ್ಲಿ ಮುಚ್ಚಳ ಇನ್ನೂ ರೋಡಿಯನ್ನನ ಜೇಬಿನ ಬಿಸಿಯಲ್ಲೇ ಇತ್ತು.