ರಿಜರ್ವಿನ ಎಣ್ಣೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಹಾಕುತ್ತಿದ್ದ ಕಂತ್ರಾಟುದಾರ ಮುರುಗೇಶಪ್ಪನ ಹತ್ತಿರ ಒಂದು ಹಳೇ ಮೋಟಾರ್ ಸೈಕಲ್ ಇತ್ತು. ಯಾವನೋ ಇಂಗ್ಲಿಷ್ ದೊರೆ ಊರು ಬಿಡುವಾಗ ಮಾರಿಹೋದದ್ದು. ಊರವರ ಬಾಯಲ್ಲಿ ಅದು ಫಟಫಟಿ. ಮುರುಗೇಶಪ್ಪನಿಗೆ ಹೊಟ್ಟೆ ಬೆಳೆದು ಅದರ ಮೇಲೆ ಕೂರುವುದೇ ಕಷ್ಟವಾದಾಗ ಓಡಿಸುವ ಯೋಗ ಅವನ ಮೇಸ್ತ್ರಿ ಹೊನ್ನಯ್ಯನಿಗೆ ಒಲಿದು ಬಂತು.

ಕಲಿಸಿದವನೂ ಮುರುಗೇಶಪ್ಪನೇ. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಇನ್ನೇನೋ ಕಾಗದ, ಆ ಗಡಿಬಿಡಿಯಲ್ಲಿ ಕಲಿಸಿದ ವಿದ್ಯೆ ಎಂಥದ್ದಿರುತ್ತದೆ ಹೇಳಿ! ಟ್ಯಾಂಕಿನ ಕೆಳಗೆ ಹಿತ್ತಾಳೆಯ ಒಂದು ಪುಟ್ಟ ನಲ್ಲಿ, ಅದಕ್ಕೊಂದು ಹಿಡಿ. ಹಿಡಿ ಕೆಳಗಿದ್ದರೆ ಪೆಟ್ರೋಲು ಇಳಿಯುತ್ತದೆ, ಅಡ್ಡ ಮಾಡಿದರೆ ಬಂದ್. ಇಷ್ಟು ತೋರಿಸಿ, ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಸಿಗುವ ಗೆರೆಯ ಮೇಲೆ ಬೆರಳಿಟ್ಟು, ಇದು ರಿಜರ್ವು, ಇದನ್ನ ಮುಟ್ಟೋ ಹಂಗೆ ಮಾಡ್ಕೋಬೇಡ ಅಂದ. ಪೆಟ್ರೋಲು ಪೂರಾ ತಳ ಮುಟ್ಟುವ ತನಕ ಓಡಿಸಬೇಡ ಎಂಬುದು ಅವನ ಮಾತಿನ ಅರ್ಥ. ಹೊನ್ನಯ್ಯನ ಕಿವಿಗೆ ಬಿದ್ದದ್ದು ಎರಡೇ ಮಾತು. ರಿಜರ್ವು. ಮುಟ್ಟಬೇಡ.

ನಗಬೇಡಿ. ನಮ್ಮ ಕಡೆ ಆ ಕಾಲದಲ್ಲಿ ರಿಜರ್ವು ಎಂದರೆ ಒಂದೇ ಅರ್ಥ, ಸರ್ಕಾರದ ಕಾಡು. ಕಲ್ಲು ನೆಟ್ಟು ಗಡಿ ಹಾಕಿದ ಕಾಡು. ಅದರೊಳಗೆ ಬಿದ್ದ ಕಡ್ಡಿ ಎತ್ತಿದರೂ ಗಾರ್ಡು ರಟ್ಟೆ ಹಿಡಿಯುತ್ತಿದ್ದ. ಹೊನ್ನಯ್ಯನ ಅಪ್ಪ ಕೃಷ್ಣಪ್ಪ ಸೋಗಾನೆ ಪಕ್ಕದ ಹಳ್ಳಿಯವನು. ಉಳುವ ಹೊತ್ತಿಗೆ ನೇಗಿಲು ಮುರಿಯಿತೆಂದು ರಿಜರ್ವಿನೊಳಗೆ ಒಂದೇ ಒಂದು ಕೊಂಬೆ ಕಡಿದ. ಆರು ತಿಂಗಳು ಜೈಲಾಯಿತು. ಹೋಗುವಾಗ ಎತ್ತಿನಂಥ ಆಳು, ಬರುವಾಗ ಕೆಮ್ಮಿನ ಗಂಟು. ಮುಂದಿನ ಉಗಾದಿ ಅವನು ಕಾಣಲಿಲ್ಲ. ಅವ್ವ ಹುಚ್ಚಮ್ಮ ಎರಡೂ ಮಕ್ಕಳನ್ನು ದೀಪದ ಮುಂದೆ ಕೂರಿಸಿ, ಪ್ರಾಣ ಹೋದರೂ ರಿಜರ್ವಿನದು ಮುಟ್ಟುವುದಿಲ್ಲ ಅಂತ ಆಣೆ ಹಾಕಿಸಿಕೊಂಡಳು. ಆಗ ಹೊನ್ನಯ್ಯನಿಗೆ ಹನ್ನೊಂದು, ತಂಗಿ ಹೂವಮ್ಮನಿಗೆ ಆರು.

ಮೇಲಾಗಿ ಅದು ಯುದ್ಧದ ಕಾಲ. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಪೆಟ್ರೋಲಿಗಂತೂ ಮುದ್ರೆ ಒತ್ತಿದ ಕೂಪನ್ನು. ಇಷ್ಟೆಲ್ಲ ಲೆಕ್ಕ ಇಡುವ ಸರ್ಕಾರ ಒಂದೊಂದು ಗಾಡಿಯ ಹೊಟ್ಟೆಯೊಳಗೂ ತನ್ನ ಪಾಲು ಎತ್ತಿಟ್ಟಿದ್ದರೆ ಆಶ್ಚರ್ಯವೇನು ಅಂತ ಹೊನ್ನಯ್ಯ ತನಗೆ ತಾನೇ ಹೇಳಿಕೊಂಡ. ಯಾರನ್ನೂ ಕೇಳಲಿಲ್ಲ. ಗೊತ್ತಿದೆ ಅಂದುಕೊಂಡದ್ದನ್ನು ಯಾರಾದರೂ ಕೇಳುತ್ತಾರೆಯೇ?

ಸಾವಿರದ ಒಂಬೈನೂರ ನಲವತ್ತಮೂರರ ಮಾಘಮಾಸ. ಒಂದು ಬೆಳಿಗ್ಗೆ ಶಿವಮೊಗ್ಗದಿಂದ ಬಂದ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನ ಡ್ರೈವರು ಭದ್ರಾವತಿಯ ಹಳೇ ಊರಿನಲ್ಲಿದ್ದ ಹೊನ್ನಯ್ಯನ ಮನೆ ಹುಡುಕಿಕೊಂಡು ಬಂದ. ಹೂವಮ್ಮನ ಗಂಡ ಈಶ್ವರಪ್ಪ ಹೇಳಿಕಳಿಸಿದ್ದ. ವಿಷಮಶೀತಜ್ವರ ತಲೆಗೇರಿದೆ, ಆಸ್ಪತ್ರೆಯಲ್ಲಿದ್ದಾಳೆ, ಮಧ್ಯಾಹ್ನ ದಾಟುವುದು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ, ಅವ್ವನನ್ನು ನೋಡಬೇಕು ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ. ಹುಚ್ಚಮ್ಮ ಒಲೆಯ ಮೇಲಿನ ಹಿಟ್ಟಿನ ಗಡಿಗೆಯನ್ನು ಹಾಗೇ ಬಿಟ್ಟು ಎದ್ದಳು.

ರೈಲು ಹೊರಟುಹೋಗಿತ್ತು. ಇದ್ದಿಲ ಬಸ್ಸು ಹೊರಡುವುದು ಇನ್ನು ಸಂಜೆಗೆ. ಹೊನ್ನಯ್ಯ ಓಡಿಹೋಗಿ ಕೇಳಿದ. ಮುರುಗೇಶಪ್ಪ ಕೆಟ್ಟವನಲ್ಲ, ಎರಡು ಮಾತಾಡದೆ ಫಟಫಟಿ ತಗೊಂಡು ಹೋಗು ಅಂದ. ಅರವತ್ತರ ಮುದುಕಿ, ಜನ್ಮದಲ್ಲಿ ಬಸ್ಸೂ ಹತ್ತದವಳು, ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕೂತು ಮಗನ ನಡು ಹಿಡಿದುಕೊಂಡಳು. ದಾರಿಯಲ್ಲಿ ಆಕೆ ಹೆದರಲೇ ಇಲ್ಲ. ಇನ್ನೂ ಬಿರಬಿರನೆ ಹೋಗಲಿ ಅಂತ ಬೆನ್ನ ಹಿಂದಿನಿಂದ ಹೇಳುತ್ತಲೇ ಇದ್ದಳು.

ಮಾಚೇನಹಳ್ಳಿ ದಾಟಿದ್ದೇ ಗಾಡಿ ಕೆಮ್ಮಿತು. ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಹೊನ್ನಯ್ಯ ಒದ್ದ, ಮತ್ತೆ ಒದ್ದ. ಕೊನೆಗೆ ಟ್ಯಾಂಕನ್ನು ಅಲುಗಾಡಿಸಿದ. ತಳದಲ್ಲಿ ಗುಳುಗುಳು ಅಂತ ಪೆಟ್ರೋಲು ಸದ್ದು ಮಾಡಿತು. ಹಿಡಿ ಕೆಳಗೇ ಇತ್ತು, ನಲ್ಲಿ ತೆರೆದೇ ಇತ್ತು, ಒಂದು ಹನಿ ಇಳಿಯುತ್ತಿರಲಿಲ್ಲ. ಉಳಿದಿರುವುದು ರಿಜರ್ವಿನದು ಅಂತ ಅವನಿಗೆ ಖಾತ್ರಿಯಾಯಿತು. ಬೆರಳು ಹಿಡಿಯ ತನಕ ಹೋಗಿ ಅಲ್ಲೇ ನಿಂತಿತು. ಅವನು ಅವ್ವನ ಮುಖ ನೋಡಿದ.

"ಒಳಗೆ ಒಂಚೂರು ಐತೆ ಕಣವ್ವ. ಆದ್ರೆ ಅದು ರಿಜರ್ವಿಂದು."

ಹುಚ್ಚಮ್ಮ ರಸ್ತೆಯ ಎರಡೂ ಕಡೆ ನೋಡಿದಳು. ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಹೇಳಿದಳು.

"ಬ್ಯಾಡ ಮಗಾ. ನಿಮ್ಮಪ್ಪನ್ನ ತಿಂದಿದ್ದೇ ಸಾಕು. ನಿನ್ನನ್ನೂ ಕೊಡಾಕಾಗಲ್ಲ. ತಳ್ಳು."

ಶಿವಮೊಗ್ಗ ಇನ್ನೂ ಆರು ಮೈಲಿ. ಅವ್ವನ ಮಂಡಿ ಅರ್ಧ ಮೈಲಿಗೇ ಸೋತಿತು. ಅವಳನ್ನು ಗಾಡಿಯ ಮೇಲೆ ಕೂರಿಸಿ ಹೊನ್ನಯ್ಯ ತಳ್ಳಿದ. ಕಬ್ಬಿಣದ ಆ ದೆವ್ವ, ಅದರ ಮೇಲೆ ತಾಯಿ, ಮೇಲೆ ಸುಡುವ ಬಿಸಿಲು. ಎದುರಿಗೆ ಒಂದು ಗಾಡಿ ಬಂತು, ಅದು ಭದ್ರಾವತಿ ಕಡೆ ಹೋಗುವುದು. ಏರಿನಲ್ಲಿ ಕಣ್ಣು ಕತ್ತಲೆ ಬಂದರೂ ಅವನು ನಿಲ್ಲಲಿಲ್ಲ. ಒಂದೊಂದು ಗುಂಡಿಗೂ ಟ್ಯಾಂಕಿನೊಳಗೆ ಗುಳುಗುಳು, ಗುಳುಗುಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯೂ ಅವನೇ, ಕೈ ಚಾಚಿ ನಿಂತವನೂ ಅವನೇ. ಅದು ಆಗ ಅವನಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಈಶ್ವರಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಇವರನ್ನು ಕಂಡು ಮುಖ ತಿರುಗಿಸಿದ. ಹೂವಮ್ಮ ಹೋಗಿ ಅರ್ಧ ಗಂಟೆಯಾಗಿತ್ತು. ಕೊನೆಯ ತನಕ ಜ್ಞಾನ ಇತ್ತಂತೆ. ಅಣ್ಣ ಫಟಫಟಿಯಲ್ಲಿ ಅವ್ವನನ್ನು ಕರ್ಕೊಂಡು ಬರ್ತಾನೆ, ಸದ್ದು ಕೇಳ್ತಾ ನೋಡಿ ಅಂತ ಮೂರು ಸಲ ಕೇಳಿದಳಂತೆ. ಹುಚ್ಚಮ್ಮ ಒಳಗೆ ಹೋಗಿ ಮಗಳ ಪಾದ ಹಿಡಿದು ಕೂತವಳು ಹೊತ್ತು ಮುಳುಗುವ ತನಕ ಬಿಡಲಿಲ್ಲ. ಇನ್ನೂ ಬೆಚ್ಚಗೆ ಐತೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು.

ಮಣ್ಣು ಮಾಡಿದ ಮರುದಿನ ಹೊನ್ನಯ್ಯ ಗಾಡಿ ತಳ್ಳಿಕೊಂಡು ಬಸ್ ಸ್ಟ್ಯಾಂಡಿನ ಪಕ್ಕದ ಪುಟ್ಟಣ್ಣನ ರಿಪೇರಿ ಅಂಗಡಿಗೆ ಹೋದ. ಕೂಪನ್ನಿಲ್ಲದೆ ಎಲ್ಲಾದರೂ ನಾಲ್ಕು ಹನಿ ಸಿಗುತ್ತದೆಯೇ ಅಂತ ಕೇಳುವುದಕ್ಕೆ. ಪುಟ್ಟಣ್ಣ ಟ್ಯಾಂಕು ಅಲುಗಾಡಿಸಿದ, ಕಿವಿಗೊಟ್ಟ, ಬಗ್ಗಿ ಹಿಡಿಯನ್ನು ಮೇಲಕ್ಕೆ ತಿರುಗಿಸಿದ, ಒದ್ದ. ಗಾಡಿ ಫಟಫಟ ಎಂದು ಎದ್ದು ಕೂತಿತು.

ಮುಟ್ಟಬೇಡಿ, ಅದು ರಿಜರ್ವು ಅಂತ ಹೊನ್ನಯ್ಯ ಕೈ ಅಡ್ಡ ತಂದ. ಪುಟ್ಟಣ್ಣ ಬಾಯಿ ತುಂಬ ನಕ್ಕ. ಪಾಪ, ಅವನಿಗೇನು ಗೊತ್ತು. ಗಾಡಿ ಆರಿಸಿ, ನೆಲದ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದ. ಟ್ಯಾಂಕಿನ ಒಳಗೆ ನಲ್ಲಿಯಿಂದ ಒಂದು ಗೇಣುದ್ದಕ್ಕಿಂತ ಕಡಿಮೆಯ ಕೊಳವೆ ನೆಟ್ಟಗೆ ಎದ್ದು ನಿಂತಿದೆ. ಹಿಡಿ ಕೆಳಗಿದ್ದಾಗ ಪೆಟ್ರೋಲು ಆ ಕೊಳವೆಯ ಬಾಯಿಂದ ಇಳಿಯುತ್ತದೆ. ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಗಾಡಿ ನಿಲ್ಲುತ್ತದೆ. ಹಿಡಿ ಮೇಲೆ ಮಾಡಿದರೆ ಕೊಳವೆಯ ಬುಡದಲ್ಲಿರುವ ತೂತು ತೆರೆದು ತಳದ್ದೂ ಇಳಿಯುತ್ತದೆ. ಅಷ್ಟೇ, ಮತ್ತೇನಿಲ್ಲ.

"ಇದು ಕಾಡಲ್ಲ ಮಾರಾಯ," ಅಂದ ಪುಟ್ಟಣ್ಣ. "ದಾರೀಲಿ ಕೈಕೊಟ್ರೆ ಇರ್ಲಿ ಅಂತ ನಿನಗೇ ಎತ್ತಿಟ್ಟಿರೋದು. ಹತ್ತು ಮೈಲಿ ಕಣ್ಮುಚ್ಕೊಂಡು ಹೋಗ್ತದೆ."

ಹೊನ್ನಯ್ಯ ಆ ಧೂಳಿನ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಬೇಡ ಅಂದವಳು ಅವ್ವ. ಈ ವಿಷಯ ಅವಳ ಕಿವಿಗೆ ಬಿದ್ದರೆ ಅವಳು ಉಳಿಯುವುದಿಲ್ಲ. ಮಗಳ ಮುಖ ತಪ್ಪಿಸಿದ್ದು ತನ್ನದೇ ಒಂದು ಮಾತು ಅಂತ ಗೊತ್ತಾದ ತಾಯಿ ಹೇಗೆ ಉಣ್ಣುತ್ತಾಳೆ, ಹೇಗೆ ಮಲಗುತ್ತಾಳೆ? ಅವನು ಎದ್ದು ಹಿಡಿಯನ್ನು ಮತ್ತೆ ಕೆಳಕ್ಕೆ ತಿರುಗಿಸಿದ. ಪುಟ್ಟಣ್ಣ ಹುಚ್ಚನನ್ನು ನೋಡಿದ ಹಾಗೆ ನೋಡುತ್ತಿರುವಾಗಲೇ ಗಾಡಿ ತಳ್ಳಿಕೊಂಡು ಹೊರಟ.

ಮೂರನೆಯ ದಿನ ಹಾಲುತುಪ್ಪ ಬಿಟ್ಟ ಮೇಲೆ ಭದ್ರಾವತಿಗೆ ಹೊರಟರು. ಎಣ್ಣೆ ಸಿಗಲಿಲ್ಲವ್ವ, ತಳ್ಳಿಕೊಂಡೇ ಬರ್ತೀನಿ, ನೀನು ಬಸ್ಸಿಗೆ ಹೋಗು ಅಂದ. ಹುಚ್ಚಮ್ಮ ಬಸ್ಸು ಹತ್ತಿ ಮತ್ತೆ ಇಳಿದಳು. ಇರುವವನು ಇವನೊಬ್ಬ, ಇವನನ್ನೂ ದಾರಿಯಲ್ಲಿ ಬಿಡುವುದಿಲ್ಲ ಅಂದಳು. ಕೂತು, ನಡೆದು, ಮತ್ತೆ ಕೂತು, ಬಿಸಿಲು ಏರುವ ಹೊತ್ತಿಗೆ ಅದೇ ಜಾಗಕ್ಕೆ ಬಂದರು. ಹುಚ್ಚಮ್ಮ ನಿಲ್ಲು ಅಂದಳು. ಗಾಡಿಯಿಂದ ಇಳಿದು, ಟ್ಯಾಂಕಿನ ಮೇಲೆ ಕೈಯಿಟ್ಟು ಅಲುಗಾಡಿಸಿದಳು. ಗುಳುಗುಳು.

"ಮುಟ್ಟಿದ್ರೆ ಎಷ್ಟು ದಿನ ಹಾಕ್ತಿದ್ರು ಮಗಾ?"

ನಿಜ ಹೇಳಿದರೆ ಅವಳು ಸಾಯುತ್ತಾಳೆ. ಸುಳ್ಳು ಹೇಳಿದರೆ ಬದುಕುತ್ತಾಳೆ ಅಂತ ನಂಬಿ ಹೊನ್ನಯ್ಯ ಹೇಳಿದ.

"ಆರು ತಿಂಗಳವ್ವ. ಅಪ್ಪಂಗೆ ಹಾಕಿದಷ್ಟೇ."

ಹುಚ್ಚಮ್ಮ ತಲೆಯಾಡಿಸಿದಳು. ಮೂರು ದಿನದಿಂದ ಅಳದೆ ಇದ್ದವಳ ಕಣ್ಣಲ್ಲಿ ಆಗ ನೀರು ಬಂತು.

"ಆರೇ ತಿಂಗಳು," ಅಂದಳು. "ಆರು ತಿಂಗಳು ಉಳಿಸ್ಕೊಳ್ಳಾಕೆ ಮಗಳ ಮುಖ ಬಿಟ್ಟೆನಲ್ಲೋ. ನಾನೇ ಹೋಗ್ತಿದ್ದೆ ಜೈಲಿಗೆ. ಈ ಮಾತು ಅವತ್ತು ಯಾಕೆ ಬರ್ಲಿಲ್ಲ ನಂಗೆ?"

ಅವನ ಸುಳ್ಳು ಅವಳನ್ನು ಕಾಯಲಿಲ್ಲ. ಈಗ ನಿಜ ಹೇಳುವ ದಾರಿಯೂ ಇರಲಿಲ್ಲ. ಹುಚ್ಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಿನ ಸೀಟಿನಲ್ಲಿ ಗಟ್ಟಿಯಾಗಿ ಕೂತಳು.

"ತಿರುಗ್ಸು. ಯಾವ ಗಾರ್ಡು ಬರ್ತಾನೋ ಬರ್ಲಿ. ನಾನು ತಿರುಗ್ಸಿದೆ ಅಂತ ಹೇಳ್ತೀನಿ."

ಹೊನ್ನಯ್ಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದ. ಒಂದೇ ಒದೆತಕ್ಕೆ ಗಾಡಿ ಎದ್ದಿತು. ಭದ್ರಾವತಿ ಬರುವ ತನಕ ಎಲ್ಲೂ ನಿಲ್ಲಲಿಲ್ಲ, ಮನೆಯ ಮುಂದೆ ನಿಲ್ಲಿಸಿದಾಗಲೂ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ದಾರಿಯುದ್ದಕ್ಕೂ ಹುಚ್ಚಮ್ಮ ಒಂದು ಕೈಯಲ್ಲಿ ಮಗನ ನಡು ಹಿಡಿದುಕೊಂಡು, ಹಿಡಿಯುವವರು ಬಂದರೇನೋ ಅಂತ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು.