ಸ್ನೇಹಳ ಮಾತು ನಿಂತಾಗ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಗೊಂದು ಮಗ್ಗ. ಬೆಳಗಾದರೆ ಪವರ್‌ಲೂಮ್‌ಗಳ ಸದ್ದು ಗೋಡೆಗಳನ್ನೂ ನಡುಗಿಸುತ್ತದೆ. ಕರೆಂಟು ಹೋದರೆ ಮಾತ್ರ ಬೀದಿಗೆ ಬೀದಿಯೇ ನಿದ್ದೆಗೆ ಜಾರಿದ ಹಾಗೆ. ಗವಾಕ್ಷಿಯ ಬಿಸಿಲಿನಲ್ಲಿ ನೂಲಿನ ಧೂಳು ಬಣ್ಣ ಬಣ್ಣವಾಗಿ ತೇಲುತ್ತದೆ.

ತೊಂಬತ್ನಾಲ್ಕನೇ ಇಸವಿಯ ಚಳಿಗಾಲ. ಕರೆಂಟು ಹೋದ ಅಂಥದೇ ಒಂದು ಮಧ್ಯಾಹ್ನ ಮುನಿಲಕ್ಷ್ಮಮ್ಮ ಪಕ್ಕದ ಮನೆಯ ಬಾಗಿಲಲ್ಲಿ ಬಂದು ನಿಂತಳು. ಅವಳು ದೊಡ್ಡಬೆಳವಂಗಲದ ರೈತರ ಮನೆಯವಳು. ಮಗಳು ಸ್ನೇಹ ಪೇಟೆಯಲ್ಲಿ ಓದಲಿ ಎಂದು ಆ ವರ್ಷ ಇಲ್ಲಿ ಬಾಡಿಗೆ ಮನೆ ಮಾಡಿದ್ದಳು. ಪಕ್ಕದ ಮನೆ ಮಗ್ಗದ ರಾಮಲಿಂಗಯ್ಯನದು. ಅವನ ಹೆಂಡತಿ ಅಂಜನಮ್ಮ, ಮಗಳು ಬಿಂದುಶ್ರೀ. ಬಿಂದು, ಸ್ನೇಹ ಇಬ್ಬರೂ ಐದನೇ ಕ್ಲಾಸು.

"ಅಂಜನಕ್ಕ, ತಪ್ಪು ತಿಳ್ಕೋಬೇಡ. ನಿಮ್ ಬಿಂದು ನಮ್ ಹುಡ್ಗೀನ ಮೂಗಿ ಮೂಗಿ ಅಂತ ಕರೀತಾಳಂತೆ. ಇವಳ ಪಕ್ಕ ಯಾರೂ ಕೂರಬಾರ್ದು ಅಂತ ಎಲ್ರಿಗೂ ಹೇಳಿಟ್ಟವ್ಳಂತೆ. ಬೆಳಗಾದ್ರೆ ಹೊಟ್ಟೆನೋವು ಅಂತದೆ ಮಗು. ಸ್ಕೂಲಿಗೆ ಹೋಗಲ್ಲ ಅಂತದೆ."

ಒಳಗೆ ಚಾಪೆಯ ಮೇಲೆ ಮಲಗಿದ್ದ ರಾಮಲಿಂಗಯ್ಯ ನಕ್ಕುಬಿಟ್ಟ. "ಮಕ್ಳ ಜಗಳಕ್ಕೆ ದೊಡ್ಡೋರು ಬರ್ತಾರೇನಮ್ಮ? ಇವತ್ತು ಕಿತ್ತಾಡ್ತವೆ, ನಾಳೆ ಒಂದಾಗ್ತವೆ. ತಿರುಗಿಸಿ ಎರಡು ಬಿಡು ಅನ್ನು ನಿನ್ ಮಗಳಿಗೆ. ನಮ್ಮದು ಗಟ್ಟಿಗಿತ್ತಿ ಕಣಮ್ಮ. ಈ ಕಾಲ್ದಲ್ಲಿ ಹಂಗಿದ್ರೇನೇ ಬದುಕೋದು."

ಮುನಿಲಕ್ಷ್ಮಮ್ಮ ಹಿಂತಿರುಗಿದಳು.

ಸ್ನೇಹ ಮೂಗಿಯಲ್ಲ. ಅವಳ ದನಿ ಮೆತ್ತಗಿತ್ತು, ಅಷ್ಟೆ. ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡುವ ಆ ಬೀದಿಯ ಮಕ್ಕಳಿಗೆ ಅದು ಕೇಳಿಸುತ್ತಿರಲಿಲ್ಲ. ಮೊದಲು ಬಿಂದು ಒಬ್ಬಳೇ ಅಣಕಿಸಿದಳು. ಉಳಿದವರು ನಕ್ಕರು. ಆಮೇಲೆ ಕ್ಲಾಸಿಗೆ ಕ್ಲಾಸೇ ಅಣಕಿಸತೊಡಗಿತು. ಕೊನೆಕೊನೆಗೆ ಸ್ನೇಹ ಮನೆಯಲ್ಲೂ ಮಾತು ನಿಲ್ಲಿಸಿಬಿಟ್ಟಳು. ಕೇಳಿದರೆ ತಲೆ ಆಡಿಸುತ್ತಿದ್ದಳು.

ಒಂದು ಸೋಮವಾರ ಶಾಲೆ ಬಿಟ್ಟ ಮೇಲೆ ಟೀಚರ್ ರುಕ್ಮಿಣಮ್ಮ ಬೀದಿಗೆ ಬಂದರು. "ಸ್ನೇಹಂಗೆ ಹುಷಾರಿಲ್ವಾ? ಇವತ್ತು ಬರ್ಲೇ ಇಲ್ವಲ್ಲ?"

"ಬೆಳಗ್ಗೇನೇ ಬ್ಯಾಗು ಹಾಕ್ಕೊಂಡು ಹೋದ್ಲಲ್ಲ ಮೇಡಂ!" ಮುನಿಲಕ್ಷ್ಮಮ್ಮ ಅಕ್ಕಪಕ್ಕದ ಮನೆಗಳಿಗೆ ಓಡಿದಳು.

ವಿಷಯ ತಿಳಿದದ್ದೇ ರಾಮಲಿಂಗಯ್ಯ ಮಗ್ಗ ನಿಲ್ಲಿಸಿದ. ಬೀದಿಯ ಗಂಡಸರು ಬಸ್‌ಸ್ಟ್ಯಾಂಡ್ ಕಡೆ, ರೈಲ್ವೆ ಸ್ಟೇಷನ್ ಕಡೆ ಓಡಿದರು. ಅವನು ಸೈಕಲ್ ಹತ್ತಿ ನಾಗರಕೆರೆಯ ಏರಿಗೆ ಹೋದ.

ಸಂಜೆಬಿಸಿಲು ನೀರಿನ ಮೇಲೆ ಮಲಗಿತ್ತು. ಆಚೆ ದಡ ಆಗಲೇ ಮಂಜಿನಲ್ಲಿ ಕರಗುತ್ತಿತ್ತು. ಎಲ್ಲಿಂದಲೋ ಒಂದು ಸಣ್ಣ ದನಿ, ತೊಟ್ಟಿಲ ಹತ್ತಿರ ಮಾತಾಡಿದ ಹಾಗೆ ಕೇಳಿಸಿತು. ರಾಮಲಿಂಗಯ್ಯ ಸೈಕಲ್ ನಿಲ್ಲಿಸಿ ಕಿವಿಗೊಟ್ಟ. ಕಲ್ಲಿನ ಮೇಲೆ ಕೂತು ಸ್ನೇಹ ನೀರುಕೋಳಿಗಳಿಗೆ ಕಥೆ ಹೇಳುತ್ತಿದ್ದಳು. ಅವಳ ಊರಿನ ಕರು, ಅದರ ಹಣೆಯ ಬಿಳಿ ಚುಕ್ಕೆ, ಅದು ಹುಟ್ಟಿದ ದಿನ ಬಂದ ಮಳೆ. ಎಷ್ಟು ಚೆಂದವಾಗಿ ಹೇಳುತ್ತಿದ್ದಳೆಂದರೆ ಅವನು ಬಂದ ಕೆಲಸ ಮರೆತು ನಿಂತುಬಿಟ್ಟ.

ಕಾಲಡಿ ಕಲ್ಲು ಜಾರಿ ಸದ್ದಾಯಿತು. ಹುಡುಗಿ ತಿರುಗಿ ನೋಡಿದವಳೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮುದುಡಿದಳು.

"ಹೊಡೀಬೇಡಿ."

"ನಾನ್ಯಾಕವ್ವ ಹೊಡೀಲಿ ನಿನ್ನ?"

ಸ್ನೇಹ ಕೈ ಇಳಿಸದೆಯೇ ಹೇಳಿದಳು: "ನೀವು ಅಪ್ಪಯ್ಯಣ್ಣಂಗೆ ಬೈತೀರಲ್ಲ, 'ದಂಡಪಿಂಡ, ಬಾಯ್ ಮುಚ್ಕೊಂಡ್ ಬಿದ್ದಿರು' ಅಂತ. ಬಿಂದೂನೂ ನಂಗೆ ಹಂಗೇ ಬೈತಾಳೆ. ನಿಮ್ ಥರಾನೇ ಕೈ ಎತ್ತುತಾಳೆ."

ಅಪ್ಪಯ್ಯಣ್ಣ ಅವನ ಮಗ್ಗದಲ್ಲಿ ಕೂಲಿಗೆ ನೇಯುವ ವಯಸ್ಸಾದ ನೇಕಾರ. ಚಿಕ್ಕಪೇಟೆಯ ಸೀರೆ ಸಾಹುಕಾರ ರಾಮಲಿಂಗಯ್ಯನಿಗೆ ಬೈದ ದಿನವೆಲ್ಲ ರಾಮಲಿಂಗಯ್ಯ ಅಪ್ಪಯ್ಯಣ್ಣನಿಗೆ ಬೈಯುತ್ತಿದ್ದ. ಬಾಗಿಲಲ್ಲಿ ಮಗಳು ನಿಂತಿರುತ್ತಿದ್ದಳು. ಅದು ಅವನ ಗಮನಕ್ಕೇ ಬಂದಿರಲಿಲ್ಲ.

ಅವನು ಅವಳ ಬ್ಯಾಗು ಎತ್ತಿ ಹೆಗಲಿಗೆ ಹಾಕಿಕೊಂಡ. ಹುಡುಗಿಯನ್ನು ಸೈಕಲ್ ಮೇಲೆ ಕೂರಿಸಿ, ಮನೆಯವರೆಗೂ ತಳ್ಳಿಕೊಂಡೇ ಬಂದ.

ತಾಯಿಗೆ ಮಗಳನ್ನು ಒಪ್ಪಿಸಿ ಮನೆಯೊಳಗೆ ಬಂದವನೇ ಬಿಂದುವಿನ ರಟ್ಟೆ ಹಿಡಿದು ಕೈ ಎತ್ತಿದ. ಹಿಂದೆಯೇ ಬಂದ ರುಕ್ಮಿಣಮ್ಮ ಟೀಚರ್ ಅಡ್ಡ ನಿಂತರು.

"ಬೇಡಿ ರಾಮಲಿಂಗಯ್ಯ. ಈಗ ಹೊಡೆದ್ರೆ ಅವಳು ಕಲಿಯೋದು ಒಂದೇ, ಬಲ ಇದ್ದೋರು ಇಲ್ದೋರಿಗೆ ಹೊಡೀಬಹುದು ಅಂತ. ಅದನ್ನ ಈಗಾಗ್ಲೇ ಕಲ್ತಾಗಿದೆ."

ಅಂಜನಮ್ಮನಿಗೆ ಇನ್ನೂ ಅನುಮಾನ. "ಹಂಗಾದ್ರೆ ಮಕ್ಳು ಜಗಳಾನೇ ಆಡ್ಬಾರ್ದಾ ಮೇಡಂ? ನಾವೂ ಆಡಿ ಬೆಳೀಲಿಲ್ವಾ?"

"ಜಗಳ ಬೇರೆ, ಕಾಟ ಬೇರೆ ಅಂಜನಮ್ಮ. ಜಗಳದಲ್ಲಿ ಇಬ್ರೂ ಸಮ. ಒಂದಿನ ಇವಳು ಗೆದ್ರೆ ಇನ್ನೊಂದಿನ ಅವಳು. ಕಾಟ ಅಂದ್ರೆ ದಿನಾ ಅದೇ ಮಗು ಅಳೋದು, ದಿನಾ ಇನ್ನೊಂದು ಮಗು ನಗೋದು. ಹೊಡೆಯೋದು ಒಂದೇ ಕಾಟ ಅಲ್ಲ. ಅಡ್ಡಹೆಸರು ಇಡೋದು, ಜೊತೆಗೆ ಸೇರಿಸ್ಕೊಳ್ಳದೇ ಇರೋದೂ ಕಾಟಾನೇ. ನೀನೂ ಹೊಡಿ ಅಂತ ಸ್ನೇಹಂಗೆ ಹೇಳ್ಸಿದ್ರಂತೆ ನಿಮ್ ಯಜಮಾನ್ರು. ಮಾತಾಡೋಕೇ ಹೆದರೋ ಮಗು ಹೆಂಗೆ ಹೊಡೆದೀತು?"

ಟೀಚರ್ ಬಿಂದುವನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಯಾಕಮ್ಮ ಹಂಗೆ ಮಾಡ್ದೆ? ನಾನು ಬೈಯಲ್ಲ, ಹೇಳು."

ಬಿಂದು ತುಂಬ ಹೊತ್ತು ಲಂಗದ ಅಂಚು ತಿರುಚಿದಳು. "ನಾನು ಬೈದ್ರೆ ಎಲ್ರೂ ನಗೋರು ಮಿಸ್. ಆಮೇಲೆ ನಂಗೆ ಯಾರೂ ಏನೂ ಅಂತಿರ್ಲಿಲ್ಲ."

"ನಿನ್ನ ಯಾರಾದ್ರೂ ಏನಾದ್ರೂ ಅಂತಾರೆ ಅಂತ ಭಯಾನಾ ನಿಂಗೆ?"

ಹುಡುಗಿ ಅಪ್ಪನ ಕಡೆ ನೋಡಿ ಅತ್ತಳು. ಅಂಜನಮ್ಮ ಓಡಿ ಬಂದು ತಬ್ಬಿಕೊಂಡಳು. ರಾಮಲಿಂಗಯ್ಯ ಕಂಬಕ್ಕೆ ಒರಗಿ ಕೂತ. "ಇವಳನ್ನ ಗಟ್ಟಿಗಿತ್ತಿ ಅನ್ಕೊಂಡಿದ್ದೆ ಮೇಡಂ. ನನ್ ಮಗಳು ನಂಗೇ ಹೆದ್ರುಕೊಂಡಿದ್ಲು."

ಮರುದಿನ ಬೆಳಿಗ್ಗೆ ಮಗ್ಗ ಶುರು ಮಾಡುವ ಮೊದಲು ಅವನು ಮಗಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. "ಅಪ್ಪಯ್ಯಣ್ಣ, ನಿನ್ನ ಬಾಯಿಗೆ ಬಂದಂಗೆ ಬೈತಿದ್ದೆ. ತಪ್ಪಾಯ್ತು. ಇನ್ಮೇಲೆ ಅನ್ನಲ್ಲ." ಅಪ್ಪಯ್ಯಣ್ಣ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡ. ಹೊರಗೆ ಹೋಗಿ ಮುಖ ತೊಳೆದು ಬಂದು ಮಗ್ಗದ ಲಾಳಿಗೆ ನೂಲು ಹಾಕಿದ.

ಸಿಟ್ಟು ಒಂದೇ ದಿನಕ್ಕೆ ಬಿಟ್ಟು ಹೋಗುವುದಿಲ್ಲ. ಅವನ ದನಿ ಏರಿದಾಗಲೆಲ್ಲ ಅಂಜನಮ್ಮ "ಏನೂಂದ್ರೆ" ಎನ್ನುತ್ತಿದ್ದಳು. ಅವನು ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬರುತ್ತಿದ್ದ.

ಶಾಲೆಯಲ್ಲಿ ಟೀಚರ್ ಮಕ್ಕಳನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸಿದರು. ಅಣಕಿಸುವವರಷ್ಟೇ ಅಲ್ಲ, ನೋಡಿ ನಗುವವರೂ ನೋಯಿಸುತ್ತಾರೆ ಎಂದು ತಿಳಿಸಿ ಹೇಳಿದರು. ಯಾರೋ "ಮೂಗಿ" ಅಂದಾಗ ಬಿಂದುವೇ ಎದ್ದು ನಿಂತಳು. "ಅವಳ ಹೆಸ್ರು ಸ್ನೇಹ."

ಅವತ್ತು ಬಿಂದು ಕ್ಷಮೆ ಕೇಳಿದಳು. "ನಂಗೆ ನೀನಂದ್ರೆ ಇನ್ನೂ ಭಯ ಕಣೇ" ಎಂದಳು ಸ್ನೇಹ.

"ಸರಿ. ನೀನು ಕರೆಯೋವರೆಗೂ ನಾನು ಹತ್ರ ಬರಲ್ಲ."

ಕರೆಯಲು ತಿಂಗಳಿಗೂ ಹೆಚ್ಚು ಹಿಡಿಯಿತು. ಊರಿಂದ ಅವರೆಕಾಯಿ ಬಂದ ಒಂದು ಭಾನುವಾರ, ಸ್ನೇಹ ಗೋಡೆಯಾಚೆಯಿಂದ ಕೂಗಿದಳು, "ಬಿಂದೂ, ಕಾಯಿ ಬಿಡಿಸೋಕೆ ಬರ್ತೀಯಾ?" ಅವರೆಯ ಸೊಗಡು ಜಗುಲಿಯ ತುಂಬ ಹರಡಿತ್ತು. ಬಿಸಿಲು ಹೊರಳುವವರೆಗೂ ಸ್ನೇಹ ಮಾತಾಡುತ್ತಲೇ ಇದ್ದಳು. ಬಿಂದು ಕೇಳುತ್ತಲೇ ಇದ್ದಳು. ಒಳಗೆ ಒಲೆಯ ಮುಂದೆ ಕೂತ ಮುನಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಬೆಳಗಾದರೆ ಹೊಟ್ಟೆನೋವು ಎನ್ನುವ, ಊಟ ಬಿಡುವ, ಸುಮ್ಮಸುಮ್ಮನೆ ಮಂಕಾಗುವ ಮಗು ನಿಮ್ಮ ಮನೆಯಲ್ಲೂ ಇರಬಹುದು. ಗದರಿಸಬೇಡಿ, ಪಕ್ಕ ಕೂತು ಕೇಳಿ, ಟೀಚರಿಗೆ ತಿಳಿಸಿ. ಕಾಟ ಕೊಡುವ ಮಗುವೂ ನಿಮ್ಮದೇ ಇರಬಹುದು. ಅದಕ್ಕೂ ಹೊಡೆಯಬೇಡಿ, ತಪ್ಪನ್ನು ಮುಚ್ಚಿಡಲೂ ಬೇಡಿ. ಅದು ಯಾರ ಮಾತು ಕಲಿತಿದೆ ಎಂದು ನೋಡಿ. ಮನೆಯಲ್ಲಿ, ಮಗ್ಗದಲ್ಲಿ, ಹೊಲದಲ್ಲಿ ನಮಗಿಂತ ಬಲ ಕಡಿಮೆ ಇರುವವರ ಜೊತೆ ನಾವು ಹೇಗೆ ಮಾತಾಡುತ್ತೇವೋ ಮಕ್ಕಳು ಹಾಗೇ ಆಡುತ್ತಾರೆ. ಇವತ್ತು ಸಂಜೆ ಸಿಟ್ಟು ಬಂದರೆ, ದನಿ ಏರಿಸುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿ, ಅಲ್ಲಿ ನಿಮ್ಮ ಮಗು ನಿಂತಿರಬಹುದು.