ಕುಂಕುಮ ಹಚ್ಚಿಸಿಕೊಂಡ ಮುದ್ದೆಮಾಲು

ನಾನು ಒಂದು ಮಚ್ಚು. ಎಳನೀರು ಕೆತ್ತುವ ಮಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನನಗೆ ಯಾರ್‍ಯಾರೋ ಏನೇನೋ ಹೆಸರಿಟ್ಟರು. ಮಾರಕಾಯುಧ ಅಂದರು. ಮುದ್ದೆಮಾಲು ಅಂದರು. ಹುಟ್ಟಿದಾಗ ನಾನು ಅದ್ಯಾವುದೂ ಆಗಿರಲಿಲ್ಲ.

ಗುಜರಿಗೆ ಬಿದ್ದ ಲಾರಿಯೊಂದರ ಕಮಾನು ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದಿ ನನ್ನನ್ನು ಮಾಡಿದರು. ಆಚಾರಿ ನನ್ನ ಮುಂದಲೆಯನ್ನು ಬೇಕೆಂದೇ ಭಾರ ಬಿಟ್ಟ. ಎಳನೀರಿನ ಸಿಪ್ಪೆಗೆ ಬಲ ಹಾಕಬಾರದು, ಮಚ್ಚಿನ ತೂಕವೇ ಇಳಿಯಬೇಕು ಅನ್ನುವುದು ಅವನ ಲೆಕ್ಕ. ಹುಣಸೆ ಕಟ್ಟಿಗೆಯ ಹಿಡಿ ಹಾಕಿ ಬೋರಲಿಂಗನ ಕೈಗೆ ಕೊಟ್ಟ. ಅವನು ಒಮ್ಮೆ ಗಾಳಿಯಲ್ಲಿ ತೂಗಿ ನೋಡಿ ನಕ್ಕ. ನಮ್ಮಿಬ್ಬರ ಪರಿಚಯ ಆದದ್ದು ಹಾಗೆ.

ಬೋರಲಿಂಗನ ಗಾಡಿ ನಿಲ್ಲುತ್ತಿದ್ದದ್ದು ಕಬ್ಬಿನ ಸೀಮೆಯ ಒಂದು ತಾಲ್ಲೂಕು ಊರಿನ ಬಸ್ ನಿಲ್ದಾಣದ ಮುಂದೆ. ಬೆಳಗಾದರೆ ಶುರು. ಕಾಯಿ ಎಡಗೈಯಲ್ಲಿ, ನಾನು ಬಲಗೈಯಲ್ಲಿ. ಸುತ್ತ ಕೆತ್ತಿ ನೆತ್ತಿ ಹಾರಿಸಿ ಕೊಡುವುದು, ಕುಡಿದಾದ ಮೇಲೆ ಎರಡು ಹೋಳು ಮಾಡಿ, ಗಂಜಿ ತೆಗೆಯಲು ಸಿಪ್ಪೆಯಲ್ಲೇ ಒಂದು ಚಮಚ ಸೀಳಿಕೊಡುವುದು. ನೀರೂ ಜಾಸ್ತಿ ಇರಬೇಕು, ಗಂಜಿಯೂ ಇರಬೇಕು ಅಂತ ಯಾರಾದರೂ ಕೇಳಿದರೆ, ಅಂಥ ಕಾಯಿ ಬೇಕಾದರೆ ಮರ ಹತ್ತಿ ಅದನ್ನೇ ಕೇಳಿಕೊಂಡು ಬನ್ನಿ ಅನ್ನುತ್ತಿದ್ದ. ಜನ ನಗುತ್ತಿದ್ದರು. ಸಂಜೆ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಕಾಯಿಗಳ ಮೇಲೆ ಮಲಗಿಸುತ್ತಿದ್ದ. ಅದಕ್ಕಿಂತ ಹೆಚ್ಚಿನ ಸುಖ ನನಗೆ ಬೇಕಾಗಿರಲಿಲ್ಲ.

ಪಕ್ಕದಲ್ಲಿ ಮರಿಸ್ವಾಮಿಯ ಕಬ್ಬಿನ ಹಾಲಿನ ಗಾಡಿ. ಅಲ್ಲಿದ್ದದ್ದು ಒಂದೇ ಹೊಂಗೆ ಮರ, ಅದರ ನೆರಳಿಗೆ ಇಬ್ಬರಿಗೂ ದಿನಾ ಜಗಳ. ಬೋರಲಿಂಗ ಬರುವುದು ತಡವಾದರೆ ಮರಿಸ್ವಾಮಿ ತನ್ನ ಗಾಡಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿರುತ್ತಿದ್ದ. ಒಂದು ದಿನ ಜಗಳ ಬಿಸಿಯೇರಿ ಮರಿಸ್ವಾಮಿ ಕೇಳಿಯೇಬಿಟ್ಟ, "ನೆರಳೇನು ನಿಮ್ಮಪ್ಪ ಕೊಂಡಿದ್ನೇನ್ಲಾ?"

ಬೋರಲಿಂಗ ನನ್ನನ್ನು ಮೇಲೆತ್ತಿ ಹಿಡಿದ. "ಇನ್ನೊಂದ್ ಸಲ ಗಾಡಿ ಸರಿಸು. ಕಾಯಿ ಕೆತ್ತ್ದಂಗೆ ಕೆತ್ತಾಕ್ಬುಡ್ತೀನಿ."

ಇಡೀ ನಿಲ್ದಾಣ ಕೇಳಿಸಿಕೊಂಡಿತು. ಬಸ್ಸಿನ ಕಿಟಕಿಗಳೂ ಕೇಳಿಸಿಕೊಂಡವು. ಮರಿಸ್ವಾಮಿಯ ಹೆಂಡತಿ ಕೆಂಪಾಜಿ ಇಬ್ಬರಿಗೂ ಒಟ್ಟಿಗೇ ಬೈದಳು, ಗಾಡಿ ಇಬ್ಬರದೂ ಬಿಸಿಲಿಗೆ ಹಾಕಿ ಅಂದಳು. ಸಂಜೆ ನೋಡಿದರೆ ಇಬ್ಬರೂ ಒಂದೇ ಬೀಡಿ ಹಂಚಿಕೊಂಡು ಸೇದುತ್ತಿದ್ದರು. ಬೆದರಿಕೆ ಕೇಳಿದವರು ಊರೆಲ್ಲ ಇದ್ದರು. ಬೀಡಿ ನೋಡಿದವರು ಯಾರೂ ಇರಲಿಲ್ಲವಂತೆ, ಆಮೇಲೆ.

ಅದಾಗಿ ವಾರ ಕಳೆದಿರಲಿಲ್ಲ. ಒಂದು ಬೆಳಗ್ಗೆ ಮಂಜಿನಲ್ಲಿ ನೆನೆದಿದ್ದ ಕಾಯಿ ಬೋರಲಿಂಗನ ಕೈಯಲ್ಲಿ ಜಾರಿತು. ನಾನು ಅವನ ಎಡ ಹೆಬ್ಬೆರಳಿನ ಬುಡಕ್ಕೆ ಇಳಿದೆ. ರಕ್ತ ಬಳಬಳ ಸುರಿದು ನನ್ನ ಮೈಮೇಲೆ ಹರಿದು, ಕಬ್ಬಿಣ ಹಿಡಿಗೆ ಸೇರುವ ಸಂದಿನೊಳಗೆ ಹೋಗಿ ಕೂತಿತು. ಅವನು ಟವೆಲ್ಲಿನ ಅಂಚು ಹರಿದು ಬೆರಳಿಗೆ ಸುತ್ತಿಕೊಂಡ, ಅದರಲ್ಲೇ ನನ್ನನ್ನೂ ಒಂದು ಸಲ ಒರೆಸಿದ. ಪಕ್ಕದ ಗಾಡಿ ಇನ್ನೂ ಬಂದಿರಲಿಲ್ಲ. ನೋಡಿದವನು ಬಸ್ಸಿಗೆ ಹೊರಟಿದ್ದ ಒಬ್ಬ ಗಿರಾಕಿ, ಅವನು ಯಾವೂರಿನವನೋ. ಆ ದಿನ ಪೂರ್ತಿ ನಾವಿಬ್ಬರೂ ಗಾಡಿ ಬಿಟ್ಟು ಕದಲಲಿಲ್ಲ. ಅದನ್ನು ಕಂಡ ಗಿರಾಕಿಗಳೂ ಬಸ್ಸು ಹತ್ತಿ ಹೋದವರೇ.

ಅವತ್ತೇ ಮಧ್ಯಾಹ್ನ ಮರಿಸ್ವಾಮಿ ನಿಲ್ದಾಣದ ಹಿಂದಿನ ನಾಲೆಯ ಕಡೆ ಹೋದವನು ವಾಪಸು ಬರಲಿಲ್ಲ. ಸಂಜೆ ಹುಡುಕಿದಾಗ ಪೊದೆಯ ಬದಿಯಲ್ಲಿ ಬಿದ್ದಿದ್ದ. ಕುತ್ತಿಗೆಗೆ ಮಚ್ಚಿನಂಥದ್ದರ ಏಟು ಬಿದ್ದಿತ್ತು.

ಅವನನ್ನು ಯಾರು ಕೊಂದರೋ ನನಗೆ ಗೊತ್ತಿಲ್ಲ. ನಾನಲ್ಲ, ಬೋರಲಿಂಗನಲ್ಲ, ಅಷ್ಟು ಗೊತ್ತು. ಅದನ್ನು ಹೇಳಬಲ್ಲದ್ದು ಲೋಕದಲ್ಲಿ ಒಂದೇ ಇತ್ತು, ನನ್ನ ಸಂದಿನಲ್ಲಿ ಒಣಗಿ ಕೂತಿದ್ದ ರಕ್ತ. ಅದು ಸತ್ತವನದಲ್ಲ, ಎಳನೀರಿನವನದೇ ಅಂತ ಯಾವ ಲ್ಯಾಬಿನವನಾದರೂ ಹೇಳಿಬಿಟ್ಟಿದ್ದರೆ ಬೋರಲಿಂಗ ಮನೆಗೆ ಹೋಗುತ್ತಿದ್ದ. ಪೊಲೀಸರು ನಿಜವಾದ ಕೊಲೆಗಾರನನ್ನು ಹುಡುಕಬೇಕಾಗುತ್ತಿತ್ತು.

ಮಾರನೆಯ ದಿನ ಪೊಲೀಸ್ ಠಾಣೆಯ ಸಾಹೇಬರು ಬಂದರು. ಬೋರಲಿಂಗನನ್ನು ಜೀಪಿಗೆ ಹತ್ತಿಸಿದರು, ನನ್ನನ್ನು ಗೋಣಿಚೀಲದಿಂದ ಎಳೆದರು. ಕೈಗೆ ಗವಸಿಲ್ಲ, ಏನಿಲ್ಲ. ಹೆಬ್ಬೆರಳು ಆಡಿಸಿ ಎಷ್ಟು ಚೂಪಿದೆ ಅಂತ ನೋಡಿದರು, ಪಕ್ಕದವನಿಗೆ ಕೊಟ್ಟರು, ಅವನೂ ನೋಡಿದ. ಸಂತೆಯಲ್ಲಿ ಬದನೆಕಾಯಿ ಹಿಸುಕಿ ನೋಡುವ ಹಾಗೆ. ಆಮೇಲೆ ಹಳೇ ಪೇಪರಿನಲ್ಲಿ ಸುತ್ತಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತದೆ? ಜೀಪು ನಾಲೆಯ ಬದಿಗೆ ಹೋಯಿತು. ನನ್ನನ್ನು ಪೇಪರಿನಿಂದ ಬಿಚ್ಚಿ ಪೊದೆಯೊಳಕ್ಕೆ ತೂರಿಸಿದರು. ಬೋರಲಿಂಗನನ್ನು ಎದುರಿಗೆ ನಿಲ್ಲಿಸಿ, ಮೊಬೈಲು ಹಿಡಿದು, ಎಲ್ಲಿ ಬಚ್ಚಿಟ್ಟಿದ್ದೀಯೋ ತೆಗೆದು ತೋರಿಸು ಅಂದರು.

"ಸಾ, ಇದು ಗಾಡಿಲಿದ್ದದ್ದಲ್ವಾ ಸಾ?" ಅಂದ ಅವನು.

ಕಪಾಳಕ್ಕೆ ಬಿತ್ತು. ವಿಡಿಯೋ ಅಳಿಸಿ ಮತ್ತೆ ಮೊದಲಿನಿಂದ ತೆಗೆದರು. ಎರಡನೇ ಸಲ ಅವನು ಮಾತಾಡದೆ ಪೊದೆಗೆ ಕೈಹಾಕಿ ನನ್ನನ್ನು ಎತ್ತಿದ. ಆ ಕೈ ನನ್ನನ್ನು ಹಿಡಿದದ್ದು ಅದೇ ಕೊನೆ.

ರಕ್ತಸಿಕ್ತ ಮಚ್ಚನ್ನು ಆರೋಪಿ ಪೊದೆಯಿಂದ ತೆಗೆದು ಹಾಜರುಪಡಿಸಿದ ಅಂತ ಪಂಚನಾಮೆ ಆಯಿತು. ಟೀ ಅಂಗಡಿಯ ನಂಜಯ್ಯ ಅದಕ್ಕೆ ಪಂಚ, ಕಣ್ಣಾರೆ ಕಂಡ ಸಾಕ್ಷಿ. ಅವನು ನಾಲೆಯ ಕಡೆ ತಲೆಯನ್ನೂ ಹಾಕಿರಲಿಲ್ಲ, ಸಂಜೆ ಠಾಣೆಗೆ ಟೀ ಕೊಡಲು ಬಂದಾಗ ರುಜು ಹಾಕಿಸಿಕೊಂಡರು. ಬೋರಲಿಂಗನ ಬೆರಳಿನ ಗಾಯ ಯಾವ ಡಾಕ್ಟರೂ ನೋಡಲಿಲ್ಲ. ಜೈಲಿನಲ್ಲಿ ಅದರ ಪಾಡಿಗೆ ಅದು ಮಾಯಿತು.

ನನ್ನನ್ನು ಠಾಣೆಯ ಹಿಂದಿನ ಕೋಣೆಗೆ ಹಾಕಿದರು. ಕೇಸಿನಲ್ಲಿ ಸಿಕ್ಕಿದ ವಸ್ತುಗಳನ್ನೆಲ್ಲ ಇಡುವ ಕೋಣೆ ಅದು, ಅಲ್ಲಿರುವವರಿಗೆಲ್ಲ ಮುದ್ದೆಮಾಲು ಅನ್ನುತ್ತಾರೆ. ಕಳುವಿನ ಪಂಪ್‌ಸೆಟ್ಟು, ಅಪಘಾತದ ಹೆಲ್ಮೆಟ್ಟು, ಯಾವುದೋ ಹುಡುಗಿಯ ಒಂಟಿ ಚಪ್ಪಲಿ. ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ, ಎಲ್ಲರಿಗೂ ಅವರವರ ಗೋಳು ಸಾಕಾಗಿದೆ. ಬೆಳಗ್ಗೆ ಬಸ್ಸಿನ ಹಾರನ್ನು ಕೇಳಿದರೆ ನನಗೆ ಗಾಡಿಯ ನೆನಪು. ಬಿಸಿಲಿನ ವಾಸನೆ, ಹಸಿ ಸಿಪ್ಪೆಯ ವಾಸನೆ ಇಲ್ಲದೆ ನಾನು ಒಣಗಿದೆ. ಕೊರಳಿಗೆ ಒಂದು ಚೀಟಿ ಕಟ್ಟಿದ್ದರು: ಕೃತ್ಯಕ್ಕೆ ಬಳಸಿದ ಆಯುಧ.

ತಕ್ಷಣ ಲ್ಯಾಬಿಗೆ ಕಳಿಸಬೇಕಿತ್ತು. ದಸರಾ ಬಂದೋಬಸ್ತು, ಜನ ಇಲ್ಲ, ಜೀಪಿಲ್ಲ, ನಾಳೆ, ನಾಡಿದ್ದು ಅಂತ ದಿನ ಹೋದವು. ನಾನು ಕಾದೆ. ನನ್ನ ಸಂದಿನಲ್ಲಿ ಒಬ್ಬ ಮನುಷ್ಯನ ಬದುಕು ಕಪ್ಪಗೆ ಗಟ್ಟಿಯಾಗಿ ಕೂತಿದೆ, ಅದನ್ನು ಹೊತ್ತುಕೊಂಡು ಕಾಯುವುದು ಬಿಟ್ಟರೆ ನಾನೇನು ಮಾಡಲಿ?

ಆಯುಧಪೂಜೆ ಬಂತು.

ಕೋಣೆಯ ಉಸ್ತುವಾರಿ ಹೆಡ್ ಕಾನ್‌ಸ್ಟೇಬಲ್ ಚೆಲುವರಾಜಯ್ಯನದು. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ದೇವರು ದಿಂಡರು ಅಂದರೆ ಜೀವ ಬಿಡುವವನು. ಬಂದೂಕು, ಲಾಠಿ, ಬೇಡಿ, ಜೀಪು ಎಲ್ಲ ತೊಳೆಸಿ ಸಾಲಾಗಿ ಇಡಿಸಿದ. ಆಮೇಲೆ ನಮ್ಮ ಕೋಣೆಯ ಬೀಗ ತೆಗೆದು ನನ್ನನ್ನು ಎತ್ತಿಕೊಂಡ. ಹೊಸದಾಗಿ ಬಂದಿದ್ದ ಮಹಿಳಾ ಪೇದೆ ಗಿರಿಜಾಂಬ, ಸಾರ್, ಅದು ಕೇಸಿಂದಲ್ವಾ ಅಂದಳು.

"ಚೀಟೀಲಿ ಏನ್ ಬರ್ದವ್ರೆ ನೋಡವ್ವ. ಆಯುಧ. ವರ್ಸಕ್ಕೊಂದ್ ದಿನ, ಯಾವ ಆಯುಧಾನೂ ಮುನಿಸ್ಕಂಡ್ ಕೂತ್ಕಬಾರ್ದು."

ಅವಳು ದಾರಿ ಬಿಟ್ಟಳು. ಹೊಸಬಳು, ಇನ್ನೇನು ಮಾಡಿಯಾಳು.

ನಲ್ಲಿಯ ಕೆಳಗೆ ಕೂರಿಸಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ಪೂಜೆಯ ಸಾಮಾನು ತಿಕ್ಕುವ ಶ್ರದ್ಧೆ. ಹಿಡಿಯ ಸಂದಿನಲ್ಲಿ ಕೊಳೆ ಕಂಡಿತು. ಒಂದು ಪೊರಕೆ ಕಡ್ಡಿ ಮುರಿದು ಅದರಿಂದ ಕೆರೆದ. ಕಪ್ಪು ಪುಡಿ ನೀರಿನಲ್ಲಿ ಕರಗಿ, ಒಂದು ಕ್ಷಣ ನಸುಗೆಂಪಾಗಿ, ಚರಂಡಿಗೆ ಹೋಯಿತು. ಬೋರಲಿಂಗನೇ ಹರಿದು ಹೋದ ಹಾಗಾಯಿತು ನನಗೆ. ಆಮೇಲೆ ಅರಿಶಿನ ಬಳಿದು ಮೂರು ಬೊಟ್ಟು ಕುಂಕುಮ ಇಟ್ಟು, ಒಂದು ಎಸಳು ಸೇವಂತಿಗೆ ಏರಿಸಿ ಕೈಮುಗಿದ. ನನ್ನ ಜನ್ಮದಲ್ಲಿ ಯಾರೂ ಅಷ್ಟು ಭಕ್ತಿಯಿಂದ ನನ್ನನ್ನು ನೋಡಿರಲಿಲ್ಲ. ಸಿಟ್ಟಿಗೆ ಮೈಯೆಲ್ಲ ಉರಿಯಿತು. ಕಬ್ಬಿಣದ ಸಿಟ್ಟು ಯಾರಿಗೆ ಕಾಣುತ್ತದೆ?

ಹಬ್ಬ ಮುಗಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಅರಗು ಮುದ್ರೆ ಒತ್ತಿದರು. ಎಲ್ಲ ಹೋದ ಮೇಲೆ ಮುದ್ರೆ. ಲ್ಯಾಬಿನವರು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಬರೆದರು: ಮೇಲಿನ ಕೆಂಪು ಕಲೆ ಕುಂಕುಮ, ಹಿಡಿಯ ಒಳಗೆ ಮನುಷ್ಯರ ರಕ್ತದ ಅಂಶ ಇದೆ, ಯಾರದು ಅಂತ ಹೇಳುವಷ್ಟು ಉಳಿದಿಲ್ಲ.

ನ್ಯಾಯಾಲಯದಲ್ಲಿ ಅದರ ಮೇಲೆಯೇ ಜಗಳ. ಸರ್ಕಾರಿ ವಕೀಲರು ಮನುಷ್ಯರ ರಕ್ತ ಅನ್ನುವಷ್ಟು ಓದಿ ನಿಲ್ಲಿಸುತ್ತಿದ್ದರು. ಬೋರಲಿಂಗನ ಕಡೆಯ ವಕೀಲರು ಪಂಕಜಾಕ್ಷಿ ಮೇಡಂ, ಅವನಿಗೆ ವಕೀಲರಿಡಲು ಗತಿಯಿಲ್ಲ ಅಂತ ಕೋರ್ಟೇ ಕೊಟ್ಟವರು. ಅವರು ಅಲ್ಲಿಂದ ಮುಂದಕ್ಕೆ ಓದುತ್ತಿದ್ದರು. ಬೆರಳು ಕೊಯ್ದುಕೊಂಡದ್ದನ್ನು ಬೋರಲಿಂಗ ಹೇಳಿದ. ಎಲ್ಲ ಆರೋಪಿಗಳೂ ಹಾಗೇ ಹೇಳುವುದು ಅಂದರು ಸರ್ಕಾರಿ ವಕೀಲರು. ಅವನು ಕೈ ಚಾಚಿ ಕಲೆ ತೋರಿಸಿದ. ಎಳನೀರಿನವನ ಕೈಯಲ್ಲಿ ಕಲೆಗೇನು ಬರವೇ, ಇದು ಯಾವಾಗಿನದು ಅಂತ ಯಾರು ಹೇಳಬೇಕು ಅಂದರು.

ಕುಂಕುಮ ಎಲ್ಲಿಂದ ಬಂತು ಅಂತ ಮೇಡಂ ಹಿಡಿದರು. ಚೆಲುವರಾಜಯ್ಯನನ್ನು ಕಟಕಟೆಗೆ ಕರೆಸಿದರು. ಅವನು ಸುಳ್ಳು ಹೇಳಲಿಲ್ಲ.

"ಪೂಜೆ ಮಾಡಿದಿರಾ?"

"ಮಾಡ್ದೆ."

"ತೊಳೆದಿರಾ?"

ಅವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ತೊಳೀದೆ ಹೆಂಗ್ ಮೇಡಂ ಕುಂಕುಮ ಇಡೋದು? ಮೈಲಿಗೆ ಅಲ್ವಾ?"

ಕೋರ್ಟು ನಕ್ಕಿತು. ಕರೀಕೋಟಿನವರು ನಕ್ಕರು, ಹಿಂದಿನ ಬೆಂಚಿನವರೂ ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ನಗದೇ ಇದ್ದವರು ಇಬ್ಬರೇ: ಆರೋಪಿಯ ಜಾಗದಲ್ಲಿ ಬೋರಲಿಂಗ, ಗೋಡೆಗೆ ಒರಗಿ ನಿಂತಿದ್ದ ಕೆಂಪಾಜಿ. ನಾನು ಮೇಜಿನ ಮೇಲೆ ಮಲಗಿದ್ದೆ. ನನ್ನ ಅಂಚಿಗೆ ಜನ ಬಾಯಿ ಅನ್ನುತ್ತಾರೆ, ಮಚ್ಚಿನ ಬಾಯಿ. ಅಷ್ಟು ಉದ್ದದ ಬಾಯಿ ಇಟ್ಟುಕೊಂಡು ಒಂದು ಮಾತು ಆಡಲಾಗಲಿಲ್ಲ.

ನಂಜಯ್ಯ ತಾನು ನಾಲೆಯ ಹತ್ತಿರ ಹೋಗಿರಲಿಲ್ಲ ಅಂತ ಒಪ್ಪಿಕೊಂಡ. ವಿಡಿಯೋದಲ್ಲಿ ಪೊದೆ ಇತ್ತು, ಜೀಪು ಇತ್ತು, ಕಪಾಳದ ಏಟು ಇರಲಿಲ್ಲ. ಆದರೂ ಬೋರಲಿಂಗನ ಕೆನ್ನೆಯ ಮೇಲೆ ಬೆರಳಿನ ಗುರುತು ಇತ್ತು. ಮೇಡಂ ಅದನ್ನು ನಿಲ್ಲಿಸಿ ತೋರಿಸಿದರು.

ತೀರ್ಪಿನ ದಿನ ನ್ಯಾಯಾಧೀಶರು ಓದಿದರು. ಸಾಕ್ಷ್ಯದ ವಸ್ತುವನ್ನು ಇಟ್ಟುಕೊಂಡ ರೀತಿ ನಂಬುವ ಹಾಗಿಲ್ಲ, ಸಂಶಯದ ಲಾಭ ಆರೋಪಿಗೆ ಕೊಟ್ಟಿದೆ, ಬಿಡುಗಡೆ. ಬೋರಲಿಂಗ ಮೇಡಂ ಅವರನ್ನು ಕೇಳಿದ, ಹಾಗಾದರೆ ನಾನು ಮಾಡಿಲ್ಲ ಅಂತ ಬರೆದಿದ್ದಾರಾ? ಮಾಡಿದ್ದೀಯ ಅಂತ ಪೊಲೀಸರಿಗೆ ತೋರಿಸಲಾಗಲಿಲ್ಲ, ಹಾಗೆ ಬರೆದಿದ್ದಾರೆ ಅಂದರು ಮೇಡಂ. ಅದೂ ಇದೂ ಒಂದೇ ಅಲ್ವಾ ಅಂದ. ಮೇಡಂ ಕಡತ ಕಟ್ಟುತ್ತಾ, ಮನೆಗೆ ಹೋಗಪ್ಪ ಅಂದರು.

ನ್ಯಾಯಾಧೀಶರು ಎದ್ದು ಹೋದ ಮೇಲೆ ಕೆಂಪಾಜಿ ಮೇಜಿನ ಹತ್ತಿರ ಬಂದಳು. ಗುಮಾಸ್ತ ನನ್ನನ್ನು ಬಟ್ಟೆಗೆ ಸುತ್ತಲು ಹೊರಟಿದ್ದ, ಅವಳ ಮುಖ ನೋಡಿ ಕೈ ಬಿಟ್ಟ. ಹತ್ತಿರದಲ್ಲೇ ಬೋರಲಿಂಗ ನಿಂತಿದ್ದ.

"ಅಕ್ಕ, ನಾನಲ್ಲ ಕಣಕ್ಕ," ಅಂದ.

ಅವಳು ಅವನ ಕಡೆ ತಿರುಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಒಂದು ಬೆರಳಿನಿಂದ ನನ್ನ ಬೆನ್ನು ಮುಟ್ಟಿದಳು.

"ನೀನಾರ ಹೇಳು," ಅಂದಳು. "ಯಾರು ಅಂತ ಬ್ಯಾಡ. ಇವ್ನೋ ಅಲ್ವೋ, ಅದೊಂದ್ ಹೇಳ್ಬುಡು."

ಸಾಹೇಬರು ನನ್ನನ್ನು ಮುಟ್ಟಿ ನೋಡಿದ್ದರು, ಚೆಲುವರಾಜಯ್ಯ ಪೂಜೆ ಮಾಡಿದ್ದ, ಲ್ಯಾಬಿನವರು ಕೆರೆದು ನೋಡಿದ್ದರು, ವಕೀಲರು ಕೈಯಲ್ಲಿ ಹಿಡಿದು ಆಡಿಸಿದ್ದರು. ನನ್ನನ್ನೇ ಕೇಳಿದವಳು ಅವಳೊಬ್ಬಳು. ಕಾದಳು. ಗುಮಾಸ್ತ ಮೆಲ್ಲಗೆ, ಬಾಮ್ಮ, ಕೋಣೆ ಬೀಗ ಹಾಕಬೇಕು ಅಂದ. ಅವಳು ಸೆರಗು ಹೊದ್ದು ಒಂದು ಬಾಗಿಲಿನಿಂದ ಹೋದಳು, ಅವನು ಇನ್ನೊಂದು ಬಾಗಿಲಿನಿಂದ.

ಈಗ ನಾನು ಕೋರ್ಟಿನ ಉಗ್ರಾಣದಲ್ಲಿದ್ದೇನೆ. ಅಪೀಲಿನ ಅವಧಿ ಮುಗಿದ ಮೇಲೆ ನಾಶಪಡಿಸಿ ಅಂತ ಆದೇಶ ಇದೆ, ಅದನ್ನು ಮಾಡಲೂ ಯಾರಿಗೂ ಪುರುಸೊತ್ತಿಲ್ಲ. ಬೋರಲಿಂಗ ಬೇರೆ ಮಚ್ಚು ಕೊಂಡು ಗಾಡಿ ಹಾಕಿದನಂತೆ, ಅವನು ಮಚ್ಚು ಎತ್ತಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರಂತೆ. ಕಸ ಗುಡಿಸುವವರು ಆಡಿಕೊಂಡದ್ದು ಕೇಳಿದೆ. ಮರಿಸ್ವಾಮಿಯನ್ನು ಕೊಂದವನನ್ನು ಈಗ ಯಾರೂ ಹುಡುಕುತ್ತಿಲ್ಲ. ಕೇಸು ಮುಗಿದಿದೆಯಲ್ಲ.

ನಾಶಪಡಿಸಿದರೆ ಪಡಿಸಲಿ, ಅದಕ್ಕೆ ನಾನು ಹೆದರುವುದಿಲ್ಲ. ಆದರೆ ಬಾಗಿಲ ಕಡೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳೇ ಬಂದಳೇನೋ, ಮತ್ತೆ ಕೇಳುತ್ತಾಳೇನೋ ಅನ್ನಿಸುತ್ತದೆ. ಕೇಳಿದರೆ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಅದನ್ನು ಕೈಮುಗಿದು ತೊಳೆದುಬಿಟ್ಟರು.